ಅರ್ಧಕ್ಕೆ ನಿಂತ ಕಥೆ

ಸಾಕಮ್ಮ ಪುಕ್ಕಲು ಹೆಂಗಸಲ್ಲ. ವೀರನಹೊಸಹಳ್ಳಿ ಕಡೆಯ ಕಾಡಿನಿಂದ ಒಂಟಿ ಸಲಗ ಬಂದು ಹಿತ್ತಲ ಬಾಳೆ ಮುರಿದಾಗ, ಊರ ಗಂಡಸರೆಲ್ಲ ತಾರಸಿ ಹತ್ತಿ ಕೂಗುತ್ತಿದ್ದರೆ ಇವಳು ಎಣ್ಣೆ ಡಬ್ಬ ಬಡಿಯುತ್ತ ಅಂಗಳಕ್ಕೇ ಇಳಿದವಳು. ಅಂಥವಳು ಆವತ್ತು ಬೆಳಿಗ್ಗೆ ಹೊಗೆಸೊಪ್ಪಿನ ಒಂದು ಕಡ್ಡಿ ಹಿಡಿದುಕೊಂಡು ಬ್ಯಾರನ್ ಗೋಡೆಗೆ ಒರಗಿ ನಿಂತುಬಿಟ್ಟಳು. 

ಅದು ಮಿಕ್ಕಿದ ಕಡ್ಡಿ. ಸೊಪ್ಪು ಕಟ್ಟಿದ ದಿನ ಬ್ಯಾರನ್ ಒಳಗೆ ಜಾಗ ಸಾಲದೆ ಉಳಿದದ್ದನ್ನು ಯಾರೋ ಸೂರಿನ ಕೆಳಗೆ ಸಿಕ್ಕಿಸಿ ಹೋಗಿದ್ದರು. ಬಿಸಿಲಿಗೆ ಅದು ಅಲ್ಲೇ ಒಣಗಿತ್ತು. ಸುಮ್ಮನೆ ಅಡ್ಡ ಯಾಕೆ ಎಂದು ಸಾಕಮ್ಮ ಅದನ್ನು ಎತ್ತಿದಳು, ಅಷ್ಟೇ. ಎಲೆಗಳು ದಾರದ ಕುಣಿಕೆಯಿಂದ ಜಾರಿ ಒಂದೊಂದಾಗಿ ಅವಳ ಪಾದದ ಮೇಲೆ ಬಿದ್ದವು.

ಇದರಲ್ಲಿ ಹೆದರುವಂಥದ್ದೇನಿದೆ ಎಂದು ಹೊಗೆಸೊಪ್ಪು ಬೆಳೆಯದವರು ಕೇಳಬಹುದು. ಅವರಿಗಾಗಿ ಹೇಳುತ್ತೇನೆ. ಬ್ಯಾರನ್ ಎಂದರೆ ಸೊಪ್ಪು ಬೇಯಿಸುವ ಎತ್ತರದ ಕೋಣೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಆ ಕಾವು ತಗಡಿನ ಕೊಳವೆಯಲ್ಲಿ ಕೋಣೆಯ ನೆಲದ ಸುತ್ತ ಹರಿಯುತ್ತದೆ. ಕೊಳವೆಯ ಮೇಲೆ ಸಾಲಿನ ಮೇಲೆ ಸಾಲಾಗಿ, ಹಸಿ ಎಲೆಗಳನ್ನು ದಾರದಿಂದ ಕಟ್ಟಿದ ಉದ್ದನೆಯ ಕಡ್ಡಿಗಳು ತೂಗುತ್ತವೆ. ಸೊಪ್ಪು ಮೊದಲು ಹಳದಿಯಾಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ದಂಟು. ದಂಟು ಒಣಗಿಸಲು ಕಾವನ್ನು ಒಂದೇ ಸಮನೆ ಏರಿಸಬೇಕು. ಹಸಿಯಾಗಿದ್ದಾಗ ಬಿಗಿಯಾಗಿ ಕಂಡ ಗಂಟು ದಂಟು ಬತ್ತಿದ ಮೇಲೆ ಸಡಿಲವಾಗುತ್ತದೆ. ಅದಕ್ಕೇ ಸೊಪ್ಪು ಕಟ್ಟುವ ಹೆಂಗಸರು ಬೆರಳು ನೋಯುವಷ್ಟು ಬಿಗಿಯುತ್ತಾರೆ. ಜಾರಿದ ಒಂದು ಒಣ ಎಲೆ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು, ಬ್ಯಾರನ್ ಹೋದಂತೆಯೇ. ಹೋದ ವರ್ಷ ಕನಕರಾಜುವಿನ ಬ್ಯಾರನ್ ಹೀಗೇ ಹತ್ತಿಕೊಂಡಾಗ ಹೆಂಚುಗಳು ಪಟಾಕಿಯ ಹಾಗೆ ಸಿಡಿದಿದ್ದವು. ಬಾಗಿಲು ತೆಗೆಯಲು ನುಗ್ಗಿದ ಕನಕರಾಜುವಿನ ಮುಖವನ್ನು ಮಕ್ಕಳು ಇವತ್ತಿಗೂ ನೇರವಾಗಿ ನೋಡುವುದಿಲ್ಲ.

ಮಿಕ್ಕಿದ ಕಡ್ಡಿಯೇ ಹೀಗಿದ್ದರೆ ಅದರ ಜೊತೆಗೆ ಕಟ್ಟಿ ಒಳಗೆ ಹೋದವು ಹೇಗಿರಬೇಡ? ಬ್ಯಾರನ್ ತುಂಬುವುದು ಮೇಲಿನಿಂದ ಕೆಳಕ್ಕೆ. ಕೊನೆಗೆ ಕಟ್ಟಿದ ಕಡ್ಡಿಗಳು ಎಲ್ಲಕ್ಕಿಂತ ಕೆಳಗಿನ ಸಾಲಿಗೆ, ಕೊಳವೆಯ ನೆತ್ತಿಗೇ ಹೋಗುತ್ತವೆ. ಆವತ್ತೇ ಮಧ್ಯಾಹ್ನ ಕಾವು ಏರಿಸುವುದಿತ್ತು. ಏರಿಸಿದ ಮೇಲೆ ಅವಳ ಗಂಡ ನಟರಾಜು ಬ್ಯಾರನ್ ಗೋಡೆಗೇ ಚಾಪೆ ಹಾಸಿಕೊಂಡು ಕಾಯುತ್ತಾನೆ.

ಗಂಟು ಯಾಕೆ ಸಡಿಲವಾಯಿತು ಎಂಬುದು ಸಾಕಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದಕ್ಕೇ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು.

ಅವಳ ಹತ್ತಿರ ಅಂಗೈಯಗಲದ ಒಂದು ಡಬ್ಬಿ ಇತ್ತು. ಗುಂಡಿ ಒತ್ತಿದರೆ ಯೇಸುವಿನ ವಾಕ್ಯವನ್ನು ಕನ್ನಡದಲ್ಲಿ ಓದುವ ಡಬ್ಬಿ. ಕೊಟ್ಟವಳು ಹಿಂದಿನ ಬೀದಿಯ ರಮ್ಯಾ. ರಮ್ಯಾ, ಅವಳ ಗಂಡ ಸ್ವಾಮಿ ಇಬ್ಬರೂ ಹುಣಸೂರಿನ ಕಡೆ ಪ್ರಾರ್ಥನೆಗೆ ಹೋಗಿ ಬರುವವರು. ಹಿಂದಿನ ವರ್ಷ ಅವಳು ಸಾಕಮ್ಮನ ಮನೆಗೆ ಸೊಪ್ಪು ಕಟ್ಟಲು ಮುಯ್ಯಾಳಾಗಿ ಬಂದಿದ್ದಳು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂಬ ಕೂಲಿಯಿಲ್ಲದ ದುಡಿಮೆಗೆ ಇಲ್ಲಿ ಮುಯ್ಯಾಳು ಎನ್ನುತ್ತಾರೆ. ರಮ್ಯಾ ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತ ಕಟ್ಟುತ್ತಿದ್ದಳು. ಪಕ್ಕದಲ್ಲಿ ಕೂತ ಸಾಕಮ್ಮನಿಗೆ ದೇವರಿಗಿಂತ ಮೊದಲು ಹಿಡಿಸಿದ್ದು ಕಥೆ. ಸಂಜೆ ರಮ್ಯಾ ಎದ್ದು ಹೊರಟಾಗ, "ಅದ್ಯಾಕಮ್ಮಿ ಆರುಸ್ದೆ? ಆ ಕಿರಿಮಗ ಅಪ್ಪನ್ ಮನೆಗೆ ಬಂದ್ನಾ ಇಲ್ವಾ ಹೇಳೋಗು," ಎಂದು ಜಗಳಕ್ಕೇ ನಿಂತಿದ್ದಳು. ರಮ್ಯಾ ನಕ್ಕು ಡಬ್ಬಿಯನ್ನೇ ಕೊಟ್ಟು ಹೋದಳು.

ಸಾಕಮ್ಮ ನಾಲ್ಕನೇ ಕ್ಲಾಸಿನಲ್ಲಿ ಕಲಿತ ಅಕ್ಷರಗಳು ಎಂದೋ ಊರು ಬಿಟ್ಟಿದ್ದವು. ಆದರೆ ಕಿವಿ ನೆಟ್ಟಗಿತ್ತು. ರಾಗಿ ಕೇರುವಾಗ, ಹಸುವಿಗೆ ಹುಲ್ಲು ತರುವಾಗ, ಸೊಪ್ಪು ಕಟ್ಟುವಾಗ ಕೇಳಿದಳು. ಮೊದಮೊದಲು ಮುಂದೇನಾಯಿತು ಎಂಬ ಚಪಲ. ಆಮೇಲೆ ಈ ಯೇಸು ಎಂಥವನು ಎಂಬ ಯೋಚನೆ. ಹಾಲು ಹೆಪ್ಪಾಗುವ ಗಳಿಗೆಯನ್ನು ಯಾರೂ ಕಂಡಿಲ್ಲ, ಬೆಳಿಗ್ಗೆ ಮುಚ್ಚಳ ತೆಗೆದರೆ ಮೊಸರು. ಹಾಗೆ ಒಂದು ದಿನ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಾಗ, ತಾನು ಅವನೊಂದಿಗೆ ಮಾತಾಡುತ್ತಿದ್ದೇನೆ, ಎಷ್ಟೋ ದಿನದಿಂದ ಮಾತಾಡುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯಿತು. ಖುಷಿಯಾಯಿತು. ಅದರ ಹಿಂದೆಯೇ ಭಯವೂ ಬಂತು.

ಭಯಕ್ಕೆ ಕಾರಣವಿತ್ತು. ಆ ಹೊತ್ತಿಗೆ ಊರಿನಲ್ಲಿ ರಮ್ಯಾಳ ಮನೆಯ ಮಾತು ಎದ್ದಿತ್ತು. ಮನೆದೇವರನ್ನು ಬಿಟ್ಟವರ ಹೊಲಕ್ಕೆ ಮುಯ್ಯಾಳು ಹೋಗಕೂಡದು ಎಂದು ಊರ ಯಜಮಾನರು ಸಭೆ ಸೇರಿ ತೀರ್ಮಾನ ಮಾಡಿದರು. ಈ ಸಲ ಅವರ ಸೊಪ್ಪು ಮುರಿಯುವವರಿಲ್ಲದೆ ಗಿಡದಲ್ಲೇ ಹಣ್ಣಾಗಿ ಕೊಳೆಯಿತು. ಆ ಸಭೆಯಲ್ಲಿ ನಟರಾಜು ಕೂಡ ಕೂತಿದ್ದ. ಮನೆಗೆ ಬಂದು ಕಾಲು ತೊಳೆಯುತ್ತ, "ನಮ್ಮನೇಲೇನಾದ್ರೂ ಆ ಗಾಳಿ ಸುಳೀತು ಅಂದ್ರೆ, ಯಾರೇ ಆಗ್ಲಿ, ಕೆ.ಆರ್. ನಗರದ ಬಸ್ ಹತ್ಸಿ ಕಳಿಸ್ಬುಡ್ತೀನಿ. ಮತ್ತೆ ಈ ಒಸಲು ತುಳಿಯಂಗಿಲ್ಲ," ಎಂದ. ಯಾರೇ ಆಗಲಿ ಅಂದರೆ ಇನ್ಯಾರು? ಕೆ.ಆರ್. ನಗರ ದಾಟಿದರೆ ಭೇರ್ಯ, ಭೇರ್ಯದಲ್ಲಿ ಸಾಕಮ್ಮನ ತವರು. ಅಲ್ಲಿ ಅಣ್ಣತಮ್ಮಂದಿರ ಹೆಂಡಿರು ಕೂತು ತುಂಬಿದ ಮನೆಯಲ್ಲಿ ಇವಳಿಗೆ ಒಂದು ಚಾಪೆಯಷ್ಟು ಜಾಗವಿಲ್ಲ. ಹುಣಸೂರಿನ ಹಾಸ್ಟೆಲಿನಲ್ಲಿ ಓದುವ ಮಗಳು ಅನುಶ್ರೀ ರಜಕ್ಕೆ ಬಂದರೆ ಅಮ್ಮ ಎಲ್ಲಿ ಎಂದು ಯಾರನ್ನು ಕೇಳಬೇಕು? ನಟರಾಜು ಕೆಟ್ಟವನಲ್ಲ. ಆದರೆ ನಾಲ್ಕು ಜನದ ಕೈ ಇಲ್ಲದೆ ಹೊಗೆಸೊಪ್ಪು ಬೆಳೆಯಲಾಗದು, ಆ ನಾಲ್ಕು ಜನಕ್ಕೆ ಅವನೂ ಹೆದರುತ್ತಿದ್ದ.

ಆವತ್ತಿನಿಂದ ಸಾಕಮ್ಮ ಡಬ್ಬಿಯನ್ನು ಕದ್ದು ಕೇಳತೊಡಗಿದಳು. ಸೊಪ್ಪು ಕಟ್ಟುವಾಗ ಅಂಗಳದ ಮೂಲೆಯಲ್ಲಿ ಕೂತು, ಡಬ್ಬಿಯನ್ನು ಬಲಮಂಡಿಯ ಪಕ್ಕದ ಸೊಪ್ಪಿನ ರಾಶಿಯೊಳಗೆ ತುರುಕಿ, ಸಣ್ಣಗೆ ಹಾಕಿಕೊಳ್ಳುತ್ತಿದ್ದಳು. ಹತ್ತಿರ ಇರುತ್ತಿದ್ದವಳು ಅತ್ತೆ ಸಿದ್ದಲಿಂಗಮ್ಮ ಒಬ್ಬಳೇ. ಅತ್ತೆಗೆ ಕಿವಿ ಮಂದ ಎಂಬುದು ಊರಿಗೇ ಗೊತ್ತು. ಆದರೂ ಈಚೆಗೆ ಒಂದು ವಿಚಾರ ಸಾಕಮ್ಮನ ಎದೆ ಕೊರೆಯುತ್ತಿತ್ತು. ಮುದುಕಿಯ ಮಣೆ ದಿನದಿನಕ್ಕೆ ಇವಳ ಕಡೆಗೆ ಸರಿಯುತ್ತಿತ್ತು. ಯಾಕತ್ತೆ ಎಂದರೆ, "ಅಲ್ಲಿ ಬಿಸ್ಲು ಕಣವ್ವ," ಎನ್ನುತ್ತಿದ್ದಳು. ಮೋಡ ಕವಿದ ದಿನವೂ ಅದೇ ಉತ್ತರ. ಮುದುಕಿ ತನ್ನನ್ನು ಹಿಡಿಯಲು ಕಾಯುತ್ತಿದ್ದಾಳೆ ಎಂದು ಸಾಕಮ್ಮ ನಂಬಿದ್ದಳು.

ಮಿಕ್ಕಿದ ಕಡ್ಡಿ ಕಟ್ಟಿದ ಆ ದಿನ ಸಂಜೆಮುಂದೆ ಡಬ್ಬಿಯಲ್ಲಿ ಒಬ್ಬ ಹೆಂಗಸಿನ ಕಥೆ ಬಂತು. ವರ್ಷಗಟ್ಟಲೆ ರಕ್ತ ಹೋಗುತ್ತಿದ್ದವಳು, ಯಾರನ್ನೂ ಮುಟ್ಟಬಾರದವಳು. ಅವಳು ಜನರ ನಡುವೆ ನುಗ್ಗಿ, ಹಿಂದಿನಿಂದ ಕೈ ಚಾಚಿ ಯೇಸುವಿನ ಬಟ್ಟೆ ಮುಟ್ಟಿದಳು. ಮುಟ್ಟಿದ್ದೇ ತಡ, ವಾಸಿಯಾಯಿತು. ಸದ್ದಿಲ್ಲದೆ ಜಾರಿಕೊಳ್ಳಬಹುದಿತ್ತು. ಅಷ್ಟರಲ್ಲಿ ಅವನು ತಿರುಗಿ ನಿಂತು, ನನ್ನನ್ನು ಮುಟ್ಟಿದವರು ಯಾರು ಎಂದು ಕೇಳಿದ. ಸಾಕಮ್ಮನ ಕೈ ತಾನಾಗಿ ದಾರ ಸುತ್ತುತ್ತಿತ್ತು, ಜೀವವೆಲ್ಲ ಆ ಗುಂಪಿನಲ್ಲಿತ್ತು. ಆಗಲೇ ನಟರಾಜು ಕಡ್ಡಿ ಎತ್ತಿಕೊಂಡು ಹೋಗಲು ಬಂದ. ಅವಳು ಗಾಬರಿಯಿಂದ ಗುಂಡಿ ಒತ್ತಿದಳು. ಕಥೆ ಅಲ್ಲಿಗೇ ನಿಂತಿತು. ಬ್ಯಾರನ್ ಒಲೆ ಹೊತ್ತಿಸಿದ ಮೇಲೆ ಮನೆಯಲ್ಲಿ ಸದಾ ಯಾರಾದರೊಬ್ಬರು ಇರುತ್ತಿದ್ದರಿಂದ ಡಬ್ಬಿ ರಾಗಿ ಡ್ರಮ್ಮಿನ ತಳ ಸೇರಿತು. ಆ ಹೆಂಗಸು ಏನು ಮಾಡಿದಳು ಎಂಬುದು ಸಾಕಮ್ಮನಿಗೆ ತಿಳಿಯಲೇ ಇಲ್ಲ.

ಈಗ ಅವಳು ಬಿದ್ದ ಎಲೆಗಳನ್ನು ಆರಿಸಿಕೊಂಡು, ಕಡ್ಡಿ ಹಿಡಿದು, ಒಲೆಯ ಹತ್ತಿರ ಸೌದೆ ಜೋಡಿಸುತ್ತಿದ್ದ ಗಂಡನ ಬಳಿ ಹೋದಳು.

"ರೀ, ಇವತ್ತು ಕಾವು ಏರುಸ್ಬ್ಯಾಡಿ. ಒಸಿ ಬಾಗ್ಲು ತಗ್ದು ನೋಡಿ. ಕೆಳಗ್ಲ ಸಾಲಲ್ಲಿ ಗಂಟು ಸಡ್ಲ ಆಗವೇನೋ."

ನಟರಾಜು ನಕ್ಕ. "ನಿನ್ ಗಂಟಾ? ಮದ್ವೆ ಆದಾಗಿಂದ ನೀನು ಕಟ್ಟುದ್ದು ಒಂದೆಲೆ ಉದುರಿಲ್ಲ. ಈಗ ಬಾಗ್ಲು ತಗುದ್ರೆ ಕಾವು ಕುಸ್ದು ಸೊಪ್ಪು ಕರ‍್ರಗಾಯ್ತದೆ. ಪಿರಿಯಾಪಟ್ಟಣದ ಹರಾಜಲ್ಲಿ ಯಾವನು ಮೂಸ್ತಾನೆ?"

"ಇದ ನೋಡಿ," ಎಂದು ಕಡ್ಡಿ ಚಾಚಿದಳು.

ಅವನು ಕಣ್ಣಾಡಿಸಿ, "ಇದು ಅವ್ವನ್ ಕಟ್ಟು. ವಯಸ್ಸಾಯ್ತು, ಬೆರಳು ನಿಲ್ಲಾಕಿಲ್ಲ. ಮಿಕ್ಕಿದ್ದೆಲ್ಲ ನಿಂದು, ಕಬ್ಬಿಣ. ವೋಗು, ಮುದ್ದೆ ಮಾಡೋಗು," ಎಂದು ಮತ್ತೆ ಸೌದೆಗೆ ಬಾಗಿದ.

ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದ ಸಿದ್ದಲಿಂಗಮ್ಮ ಬೇರೆ ಕಡೆ ಮುಖ ತಿರುಗಿಸಿದಳು.

ಸಾಕಮ್ಮ ಅಡುಗೆಮನೆಗೆ ಬಂದಳು. ಒಂದು ಗಳಿಗೆ ಹಗುರವೆನಿಸಿದ್ದು ನಿಜ. ಹೇಳುವುದನ್ನು ಹೇಳಿಯಾಗಿತ್ತು, ಅವನು ಕೇಳಲಿಲ್ಲ. ನಾಳೆ ಬೆಂಕಿ ಬಿದ್ದರೂ ಅಪವಾದ ಮುದುಕಿಯ ಬೆರಳಿಗೆ ಹೋಗುತ್ತದೆ, ಡಬ್ಬಿಯ ಮಾತು ಹೊರಗೆ ಬರುವುದಿಲ್ಲ. ಹೀಗೆ ಯೋಚಿಸಿದ ತನ್ನ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು. ಎಸರು ಕುದಿಯುತ್ತಿತ್ತು, ಹಿಟ್ಟು ಹಾಕಲು ಕೈ ಬರಲಿಲ್ಲ. ಕನಕರಾಜುವಿನ ಮುಖದ ಜಾಗದಲ್ಲಿ ಗಂಡನ ಮುಖ ಕಾಣತೊಡಗಿತು. ಯಾವ ದೇವರು ಮುನಿದಿದ್ದಾನೆ, ಯಾವ ದೇವರನ್ನು ಕಾಯಪ್ಪಾ ಎನ್ನಬೇಕು ಎಂಬುದೂ ತೋಚಲಿಲ್ಲ. ಬಿಟ್ಟ ಮನೆದೇವರು ಬೆಂಕಿಯಾಗಿ ಬರುತ್ತಾನೋ? ಹಿಡಿದುಕೊಂಡವನು ಈ ಊರಿನ ದಾರಿ ಬಲ್ಲನೋ ಇಲ್ಲವೋ? ಹೊರಗೆ ನಟರಾಜು ದಪ್ಪ ಸೌದೆಗಳನ್ನು ಒಲೆಯ ಬಾಯಿಗೆ ಎಳೆದು ತರುವ ಸದ್ದು ಕೇಳಿಸಿತು.

ಆ ಹೆಂಗಸು ಏನು ಮಾಡಿದಳೆಂದು ಗೊತ್ತಿದ್ದರೆ ತಾನೂ ಹಾಗೇ ಮಾಡಬಹುದಿತ್ತು. ಒಂದೇ ನಿಮಿಷ ಕೇಳಿಬಿಡುತ್ತೇನೆ ಎಂದು ಸಾಕಮ್ಮ ರಾಗಿ ಡ್ರಮ್ಮಿಗೆ ಮೊಳಕೈವರೆಗೂ ಕೈ ಹಾಕಿದಳು. ತಡಕಿದಳು. ಸುತ್ತ ಬಳಸಿ ತಡಕಿದಳು. ಬರೀ ರಾಗಿ. ಡಬ್ಬಿ ಇರಲಿಲ್ಲ.

ಯಾರೋ ತೆಗೆದಿದ್ದರು.  ಗಂಡನೇ ತೆಗೆದಿದ್ದರೆ ಹಾಗೆ ನಗುತ್ತಿದ್ದನೇ? ಅತ್ತೆ ತೆಗೆದಿದ್ದರೆ ಇನ್ನೂ ಯಾಕೆ ಸುಮ್ಮನಿದ್ದಾಳೆ? ಸಾಕಮ್ಮ ಡ್ರಮ್ಮಿನ ಪಕ್ಕದಲ್ಲೇ ಕುಸಿದು ಕೂತಳು. ಕಥೆಯ ಉಳಿದರ್ಧ ಇನ್ನು ಸಿಗುವುದಿಲ್ಲ. ಸಿಕ್ಕಿದ್ದು ಇಷ್ಟೇ: ಅವನು ತಿರುಗಿ ನಿಂತಿದ್ದಾನೆ, ಯಾರು ಎಂದು ಕೇಳುತ್ತಿದ್ದಾನೆ, ಉತ್ತರ ಬರುವವರೆಗೂ ಹೋಗುವ ಹಾಗಿಲ್ಲ. ಕಿವಿಗೆ ಬಿದ್ದದ್ದನ್ನು ಬಿದ್ದಿಲ್ಲ ಎನ್ನುವುದು ಹೇಗೆ? ಅವಳು ಎದ್ದು ಒಲೆ ಆರಿಸಿ, ಆ ಕಡ್ಡಿ ಎತ್ತಿಕೊಂಡು ಹೊರಗೆ ಬಂದಳು.

ನಟರಾಜು ಬ್ಯಾರನ್ ಒಲೆಯ ಬಾಯಿಗೆ ಮೊದಲ ದಪ್ಪ ಸೌದೆಯನ್ನು ನೂಕುತ್ತಿದ್ದ.

"ಅದು ಅತ್ತೆ ಗಂಟಲ್ಲ, ನಂದು," ಎಂದಳು. "ಕೈ ಇಲ್ಲಿತ್ತು, ಮನಸ್ಸು ಇರ್ನಿಲ್ಲ. ನಾನು ಯೇಸು ವಾಕ್ಯ ಕೇಳ್ತಿದ್ದೆ. ರಮ್ಯಾ ಕೊಟ್ಟಿದ್ ಡಬ್ಬೀಲಿ. ಹ್ವಾದ್ ವರ್ಷದಿಂದ ಕೇಳ್ತಾ ಇವ್ನಿ. ಅವತ್ತು ಕೊನೇ ಕಡ್ಡಿಗುಳ್ನೆಲ್ಲ ಅಂಗೇ ಕಟ್ಟಿದ್ದೀನಿ, ನಂಗೆ ಗೊತ್ತು. ಆಮೇಲೆ ನನ್ನ ಭೇರ್ಯಕ್ಕಾದ್ರೂ ಕಳ್ಸಿ, ಏನಾದ್ರೂ ಮಾಡಿ. ಮೊದ್ಲು ಬೆಂಕಿ ಎಳೀರಿ."

ನಟರಾಜು ಮೊದಲು ನೋಡಿದ್ದು ಅವಳನ್ನಲ್ಲ, ಬೀದಿಯನ್ನು. ಯಾರಿಗಾದರೂ ಕೇಳಿಸಿತೇ ಎಂದು ನೋಡಿದ. ಆಮೇಲೆ ಅವಳ ಕೈಯಲ್ಲಿದ್ದ ಕಡ್ಡಿಯನ್ನು, ಆಮೇಲೆ ಅವಳ ಮುಖವನ್ನು ನೋಡಿದ. ಕಬ್ಬಿಣದ ಕೊಕ್ಕೆ ಹಾಕಿ ಉರಿಯುವ ಸೌದೆಗಳನ್ನು ಹೊರಕ್ಕೆ ಎಳೆದು ನೀರು ಹೊಯ್ದ. ಹಗ್ಗ ಜಗ್ಗಿ ಮೇಲಿನ ಗವಾಕ್ಷಿ ತೆರೆದ. ಕೊಳವೆ ತಣಿಯಲಿ ಎಂದು ಇಬ್ಬರೂ ಕಾದರು. ಬಾಗಿಲು ತೆಗೆದಾಗ ಕಾವು ಕೆನ್ನೆಗೆ ಹೊಡೆದ ಹಾಗೆ ಹೊರಗೆ ಬಂತು. ಸಾಕಮ್ಮ ಮೂಗೆತ್ತಿದಳು. ಹದವಾದ ಸೊಪ್ಪಿನ ಸಿಹಿ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಇತ್ತು, ಸೀದ ವಾಸನೆ.

ನಟರಾಜುವಿಗೂ ಅದು ಬಂದಿರಬೇಕು. ನೆನೆಸಿದ ಗೋಣಿಚೀಲವನ್ನು ಹೊದ್ದುಕೊಂಡು ಕೆಳಗಿನ ಸಾಲಿನ ಅಡಿಗೆ ಬಗ್ಗಿ ನುಗ್ಗಿದ. ಕತ್ತಲೆಯಲ್ಲಿ ಅವನ ಕಾಲು ಕಾಣುತ್ತಿತ್ತು, ಆಮೇಲೆ ಅದೂ ಕಾಣಲಿಲ್ಲ. ಒಳಗೆ ಕೆಮ್ಮು ಕೇಳಿಸಿತು. ಕೆಮ್ಮು ನಿಂತಿತು.

"ಯೇಸಪ್ಪಾ, ಅವ್ರನ್ನ ಕಾಯಪ್ಪಾ!"

ಇಷ್ಟು ದಿನ ತುಟಿಯ ಒಳಗೇ ಇದ್ದ ಹೆಸರು ಅಂಗಳಕ್ಕೆಲ್ಲ ಕೇಳಿಸಿತು. ಸಾಕಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಯಾರೋ ಅವಳ ರಟ್ಟೆ ಹಿಡಿದರು. ಅತ್ತೆ ಪಕ್ಕದಲ್ಲೇ ನಿಂತಿದ್ದಳು. ಮುದುಕಿಯ ಬೆರಳುಗಳು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದವು.

ನಟರಾಜು ಹೊರಗೆ ಬಂದ. ಕಣ್ಣು ಕೆಂಪಗಿತ್ತು. ಗೋಣಿಚೀಲವನ್ನು ನೆಲಕ್ಕೆ ಕೊಡವಿದ. ಕೊಳವೆಯ ಮೇಲಿಂದ ಬಾಚಿ ತಂದ ಎಲೆಗಳು. ಹಲವಕ್ಕೆ ಅಂಚು ಕಪ್ಪಾಗಿತ್ತು. ಒಂದರ ಅಂಚಿನಲ್ಲಿ ಸಣ್ಣ ಕೆಂಪು ಗೆರೆ ಇನ್ನೂ ಹರಿದಾಡುತ್ತಿತ್ತು. ಅವನು ಅದನ್ನು ಚಪ್ಪಲಿಯಿಂದ ಹೊಸಕಿದ. ಮಧ್ಯಾಹ್ನದ ಕಾವು ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಒಂದು ಚೊಂಬು ನೀರನ್ನು ಗಟಗಟ ಕುಡಿದು, "ಬ್ಯಾರನ್ ಉಳೀತು. ಇನ್ನೊಂದ್ ಮಾತು ಆಮೇಲೆ," ಎಂದ.

ಆ 'ಆಮೇಲೆ' ಸಾಕಮ್ಮನ ತಲೆಯ ಮೇಲೆ ತೂಗುತ್ತ ಉಳಿಯಿತು. ಕೆಳಗಿನ ಸಾಲನ್ನು ಇಬ್ಬರೂ ಕೂತು ಬಿಗಿದು ಕಟ್ಟಿದರು, ಒಲೆ ಮತ್ತೆ ಹೊತ್ತಿತು, ಸೊಪ್ಪು ಇಳಿಯಿತು. ಬಣ್ಣ ಒಂದಿಷ್ಟು ಕೆಟ್ಟಿತ್ತು, ಅದಕ್ಕೂ ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು. ಮುದ್ದೆ ಉಂಡು ಕೈ ತೊಳೆದು ಎದ್ದು ಹೋಗುತ್ತಿದ್ದ. ಮುಖ್ಯರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿದರೆ ಸಾಕು, ಸಾಕಮ್ಮ ಕೈಯ ಕೆಲಸ ಬಿಟ್ಟು ಗಂಡ ಎಲ್ಲಿದ್ದಾನೆಂದು ನೋಡುತ್ತಿದ್ದಳು. ಡಬ್ಬಿಯನ್ನು ಹುಡುಕುವ ಧೈರ್ಯ ಬರಲಿಲ್ಲ. ಕೇಳಿದ್ದಷ್ಟನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡಳು. ಎಲ್ಲ ಕಥೆಗಳೂ ನೆನಪಿದ್ದವು, ಆ ಹೆಂಗಸಿನದು ಮಾತ್ರ ಅರ್ಧ.

ಮುಂದಿನ ಸಲ ಸೊಪ್ಪು ಮುರಿದು ತಂದ ದಿನ ಮುಯ್ಯಾಳುಗಳೆಲ್ಲ ಊಟಕ್ಕೆ ಮನೆಗೆ ಹೋಗಿದ್ದರು. ನಟರಾಜು ಅಂಗಳದ ಆಚೆ ಸೌದೆ ಸೀಳುತ್ತಿದ್ದ. ಅತ್ತೆ ಸೊಸೆ ಇಬ್ಬರೇ ಕಟ್ಟುತ್ತ ಕೂತಿದ್ದರು. ಸಿದ್ದಲಿಂಗಮ್ಮ ಎಲೆಅಡಿಕೆ ಚೀಲಕ್ಕೆ ಕೈ ಹಾಕಿ ಏನೋ ತೆಗೆದು ಸಾಕಮ್ಮನ ಮಡಿಲಿಗೆ ಹಾಕಿದಳು. ಅದು ಆ ಡಬ್ಬಿ.

"ರಾಗಿ ಡ್ರಮ್ಮಲ್ಲಿ ಮಡಗ್ತಾರಾ? ಅದ್ರೊಳ್ಗೆ ಉಳ ವೋದ್ರೆ? ಹಾಕು. ಆ ಎಂಗಸು ಸಿಕ್ಕಾಕಂಡ್ಲಾ ಇಲ್ವಾ?"

ಸಾಕಮ್ಮ ಮುದುಕಿಯ ಮುಖ ನೋಡಿದಳು. "ಅತ್ತೆ... ನಿಮ್ಗೆ ಕಿವಿ..."

"ನಂಗೆ ಬ್ಯಾಡುದ್ ಮಾತು ಕೇಳಾಕಿಲ್ಲ, ಅಷ್ಟೆಯಾ. ಒಸಿ ಜೋರಾಗಿ ಮಡಗು. ಅರ್ಧಂಬರ್ಧ ಕೇಳಿ ಕೇಳಿ ಸಾಕಾಗೈತೆ. ಮಣೆ ಇನ್ನೆಷ್ಟು ಹತ್ರ ಎಳ್ಕಳ್ಳಾನ?"

"ಅವ್ರು ಅಲ್ಲೇ ಅವ್ರೆ," ಎಂದು ಸಾಕಮ್ಮ ಪಿಸುಗುಟ್ಟಿದಳು.

"ಇರ್ಲಿ."

ಸಾಕಮ್ಮ ಗುಂಡಿ ಒತ್ತಿದಳು. ನಿಂತಲ್ಲಿಂದಲೇ ಕಥೆ ಹೊರಟಿತು. ಜನ ಮುತ್ತಿಕೊಂಡಿದ್ದಾರೆ, ಅವನು ಸುತ್ತಲೂ ನೋಡುತ್ತಿದ್ದಾನೆ. ಆ ಹೆಂಗಸು ಓಡಲಿಲ್ಲ. ಹೆದರಿ ನಡುಗುತ್ತ ಬಂದು, ಅವನ ಮುಂದೆ ಬಿದ್ದು, ನಡೆದದ್ದನ್ನೆಲ್ಲ ಇದ್ದ ಹಾಗೇ ಹೇಳಿದಳು. ಅವನು ಗದರಲಿಲ್ಲ. ಮಗಳೇ ಎಂದು ಕರೆದ. ಹೆದರಿ ಬಂದವಳನ್ನು ಸಮಾಧಾನದಿಂದ ಕಳಿಸಿಕೊಟ್ಟ. ಹೆದರಿದವಳೂ ಹೇಳಬಹುದು ಎಂಬುದು ಸಾಕಮ್ಮನಿಗೆ ಹೊಸದಲ್ಲ, ಅದನ್ನು ಅವಳು ಮಾಡಿಯೇ ಬಿಟ್ಟಿದ್ದಳು. ಆದರೂ ಮಗಳೇ ಎಂಬ ಮಾತು ಕೇಳಿ ಅವಳಿಗೆ ಕಣ್ಣು ತುಂಬಿ ಬಂತು.

ಆಗ ಅವಳಿಗೆ ಗೊತ್ತಾಯಿತು, ಕೊಡಲಿಯ ಸದ್ದು ನಿಂತಿತ್ತು.

ತಲೆಯೆತ್ತುವ ಧೈರ್ಯವಾಗಲಿಲ್ಲ. ಹೆಜ್ಜೆಗಳು ಹತ್ತಿರ ಬಂದವು. ನಟರಾಜುವಿನ ಕಾಲು, ಅದರ ಪಕ್ಕದಲ್ಲಿ ಕೊಡಲಿ ಕಂಡವು. ಅವನು ಬಗ್ಗಿ, ಇಬ್ಬರ ನಡುವೆ ಕಟ್ಟಿಟ್ಟಿದ್ದ ಕಡ್ಡಿಯೊಂದನ್ನು ಎತ್ತಿ ಜಾಡಿಸಿದ. ಎರಡು ಎಲೆ ಜಾರಿ ಕೆಳಗೆ ಬಿದ್ದವು.

"ಯಾರ್ ಗಂಟಿದು?"

ಸಾಕಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಿಂದ ನಡುಗುವ ದನಿ ಬಂತು.

"ನಂದು ಕಣ್ಲಾ," ಎಂದಳು ಸಿದ್ದಲಿಂಗಮ್ಮ. "ಅವತ್ತಿನವೂ ನಂದೇ ಇರ್ಬೋದು. ನಾನೂ ಕೇಳ್ತಿದ್ದೆ. ಬಸ್ ಹತ್ಸಾದಾದ್ರೆ ಇಬ್ರುನ್ನೂ ಹತ್ಸು."

ನಟರಾಜು ತಾಯಿಯನ್ನೇ ನೋಡುತ್ತ ನಿಂತ. ಡಬ್ಬಿ ತನ್ನ ಪಾಡಿಗೆ ಮುಂದಿನ ಕಥೆ ಓದುತ್ತಿತ್ತು, ಯಾರದೋ ಮನೆಯಲ್ಲಿ ಮಗಳೊಬ್ಬಳು ಸತ್ತಳೆಂದು ಅಳುತ್ತಿದ್ದರು. ಅವನು ಕೊಡಲಿಯನ್ನು ಗೋಡೆಗೆ ಒರಗಿಸಿ, ಕುಕ್ಕರಗಾಲಿನಲ್ಲಿ ಕೂತು, ಆ ಕಡ್ಡಿಯ ದಾರ ಬಿಚ್ಚಿ ಮೊದಲಿನಿಂದ ಕಟ್ಟತೊಡಗಿದ.

ಬೀದಿಯ ಕಡೆಯಿಂದ ಊಟ ಮುಗಿಸಿ ಬರುತ್ತಿದ್ದ ಮುಯ್ಯಾಳುಗಳ ಮಾತು, ನಗು ಕೇಳಿಸಿತು. ಅತ್ತೆ ಸೊಸೆ ಇಬ್ಬರೂ ಕಲ್ಲಾದರು. ನಟರಾಜು ಬೇಗನೆ ಕೈ ಚಾಚಿ ಗುಂಡಿ ಒತ್ತಿ, ಡಬ್ಬಿಯನ್ನು ಸೊಪ್ಪಿನ ರಾಶಿಯ ಅಡಿಗೆ ತಳ್ಳಿದ.

"ಆ ಉಡ್ಗಿ ಬದುಕ್ತಾಳಾ?" ಎಂದು ಅವನು ತಲೆಯೆತ್ತದೆ ಕೇಳಿದ. "ಇವ್ರು ವೋದ್ಮೇಲೆ ಹಾಕು."